ಜ್ವರಕ್ಕೆ ಕೂರದ ಹುಳು

“ಆ ಹೆಂಗಸನ್ನ ಮೊದ್ಲೇ ಹೆಕ್ಕಿ ಸುಣ್ಣಕ್ಕೆ ಹಾಕ್ಬೇಕಿತ್ತು” ಎಂದು ಆಂಜಿನಮ್ಮ ಹೇಳಿದಾಗ, ಶಿಡ್ಲಘಟ್ಟದ ನಮ್ಮ ಸಣ್ಣ ಸಮುದಾಯ ಭವನದಲ್ಲಿ ಕುಳಿತಿದ್ದ ನಲವತ್ತು ಮಂದಿಯಲ್ಲಿ ಮುಕ್ಕಾಲು ಪಾಲು ತಲೆಯಾಡಿಸಿದರು. ಸಿನಿಮಾ ತೋರಿಸಿದ ಕೆಂಪರಾಜು ಮೈಕು ಹಿಡಿದು ನಿಂತೇ ಇದ್ದ. ಅವನು ಆಂಜಿನಮ್ಮನ ಅಣ್ಣನ ಮಗ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ತಿಂಗಳಿಗೊಂದು ಭಾನುವಾರ ಸಂಜೆ ನಮ್ಮ ಕೇರಿಯವರಿಗೆ ಒಂದು ಒಳ್ಳೆಯ ಚಿತ್ರ ತೋರಿಸಿ, ಆಮೇಲೆ ಅದರ ಬಗ್ಗೆ ಮಾತನಾಡಿಸುವುದು ಅವನು ತಾನಾಗಿ ಹೊತ್ತುಕೊಂಡ ಕೆಲಸ.

ಅಂದಿನ ಚಿತ್ರ ನಮ್ಮಲ್ಲಿ ಯಾರೂ ಹುಟ್ಟುವ ಮೊದಲೇ ತೆಗೆದದ್ದು. ಕಪ್ಪು ಬಿಳುಪು; ದೇಶವೂ ನಮ್ಮದಲ್ಲ, ಭಾಷೆಯೂ ನಮ್ಮದಲ್ಲ. ಮುಂದೊಂದು ಕಾಲಕ್ಕೆ ಮನುಷ್ಯರ ಬಾಳು ಹೇಗೆ ಕೆಡಬಹುದು ಎಂದು ಊಹಿಸಿ ತೆಗೆದ ಚಿತ್ರ ಎಂದು ಕೆಂಪರಾಜು ಮೊದಲೇ ತಿಳಿಸಿದ್ದ. ಪರದೆಯ ಪಕ್ಕದಲ್ಲಿ ನಿಂತು ಪ್ರತಿ ಮಾತನ್ನೂ ತಾನೇ ಕನ್ನಡದಲ್ಲಿ ಹೇಳಿದ್ದ.

ಕಥೆ ಹೀಗಿದೆ. ಗಾಜಿನ ಚಾವಣಿಯ ಒಂದು ಊರು. ಕಿಟಕಿಗಳಿಲ್ಲ. ಜನರೆಲ್ಲ ಬಿಳಿಬಟ್ಟೆ ತೊಟ್ಟು, ಒಂದರ ಮೇಲೊಂದು ಅಟ್ಟಣಿಗೆಗಳಲ್ಲಿ ಸಾಲಾಗಿ ವಾಸಿಸುತ್ತಾರೆ. ಒಳಗೆ ಬರುವವರು ಕಾಲು ತೊಳೆದೇ ಬರಬೇಕು. ಗಂಟೆ ಬಾರಿಸಿದಾಗ ಊಟ ಬರುತ್ತದೆ, ಇನ್ನೊಂದು ಗಂಟೆಗೆ ಎಲ್ಲರೂ ಒಟ್ಟಿಗೆ ಮಲಗುತ್ತಾರೆ. ಕೆಮ್ಮಿದವರನ್ನು ಬೇರೆ ಕಡೆಗೆ ಒಯ್ಯುತ್ತಾರೆ. ವಯಸ್ಸು ಬಲಿತ ಮೇಲೆ ಪ್ರತಿಯೊಬ್ಬರೂ ಮೇಲಿನ ದುಂಡನೆಯ ಸಭಾಂಗಣಕ್ಕೆ ಹತ್ತಿ, ಗೋಡೆಯ ಒಂದೊಂದು ಗೂಡಿನಲ್ಲಿ ಕೂರಬೇಕು. ಎದುರಿಗೆ ಒಂದು ಹಿತ್ತಾಳೆಯ ಕಹಳೆ. ‘ನಿನಗೆ ಗೊತ್ತಿರುವುದನ್ನೆಲ್ಲ ಹೇಳು’ ಎಂದು ದನಿಯೊಂದು ಕೇಳುತ್ತದೆ. ಅವರು ಹೇಳುತ್ತ ಹೋದಂತೆ ಗೋಡೆಯ ಹಿಂದೆ ಬಿಳಿಯ ಕಾಗದದ ಪಟ್ಟಿಯೊಂದು ಹೊರಬಂದು ರಾಟೆಗೆ ಸುತ್ತಿಕೊಳ್ಳುತ್ತದೆ. ಆ ಊರಿನ ಯಂತ್ರಗಳೆಲ್ಲ ನಡೆಯುವುದು ಆ ಪಟ್ಟಿಗಳಿಂದ. ಹೇಳುವುದು ಮುಗಿದವರಿಗೆ ‘ಇನ್ನು ವಿಶ್ರಾಂತಿ’ ಎನ್ನುತ್ತದೆ ದನಿ. ಅವರನ್ನು ಮತ್ತೆ ಯಾರೂ ಕಾಣುವುದಿಲ್ಲ. ಇಷ್ಟೆಲ್ಲದರ ನಡುವೆ ಒಬ್ಬಳು ಹೆಂಗಸಿಗೆ ಮಾತ್ರ ನಿದ್ದೆ ಬರುವುದಿಲ್ಲ. ಎಲ್ಲರೂ ಮಲಗಿದಾಗ ಅವಳು ಅಟ್ಟಣಿಗೆಯ ಅಂಚಿನಲ್ಲಿ ಸುತ್ತು ಹಾಕುತ್ತಾಳೆ, ಪಕ್ಕದವರನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಾಳೆ.

ಚಿತ್ರ ತೆಗೆದವರ ಲೆಕ್ಕದಲ್ಲಿ ಅವಳೇ ನಾಯಕಿ. ನಮ್ಮವರ ಲೆಕ್ಕದಲ್ಲಿ ಅವಳು ರೋಗದ ಹುಳು.

ರೇಷ್ಮೆ ಸಾಕದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಒಂದು ದಿನ ಕದಲದೆ ಕುಳಿತು ಹಳೆಯ ಚರ್ಮ ಕಳಚುತ್ತದೆ. ಅದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ತಟ್ಟೆಯ ಹುಳುಗಳೆಲ್ಲ ಒಟ್ಟಿಗೆ ಜ್ವರಕ್ಕೆ ಕೂರಬೇಕು, ಒಟ್ಟಿಗೆ ಏಳಬೇಕು. ಹಾಲುತೊಂಡೆ ಎಂಬ ರೋಗ ತಗುಲಿದ ಹುಳು ಮಾತ್ರ ಕೂರುವುದಿಲ್ಲ. ಅದರ ಮೈ ಮಿರಮಿರ ಮಿಂಚುತ್ತದೆ. ತಟ್ಟೆಯ ಅಂಚು ಹಿಡಿದು ಸುತ್ತುತ್ತಲೇ ಇರುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂಥ ಕೀವು ಸುರಿಸುತ್ತದೆ; ಆ ಕೀವು ತಾಗಿದ ಸೊಪ್ಪು ತಿಂದ ಹುಳುಗಳಿಗೂ ಅದೇ ಗತಿ. ಅದಕ್ಕೇ ಅಂಥದ್ದನ್ನು ಕಂಡಲ್ಲೇ ಹೆಕ್ಕಿ ಸುಣ್ಣದ ನೀರಿಗೆ ಹಾಕುತ್ತಾರೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದ ಕಣ್ಣುಗಳಿಗೆ, ಎಲ್ಲರೂ ಮಲಗಿದಾಗ ಅಂಚಿನಲ್ಲಿ ಅಲೆಯುವ ಜೀವ ಬೇರೆ ಏನಾಗಿ ಕಂಡೀತು?

“ಒಳ್ಳೆ ಸಾಕಾಣಿಕೆ ಮನೆ ಕಣಪ್ಪ ಅದು” ಎಂದರು ನೂಲು ಬಿಚ್ಚುವ ವೆಂಕಟರವಣಪ್ಪ. “ಕಾಲ್ ತೊಳ್ಕೊಂಡ್ ಬರೋದೇನು, ಟೈಮಿಗೆ ಮೇವೇನು. ಗಾಳಿ ಒಂದೇ ಕಮ್ಮಿ. ಒಂದೆರಡು ಕಿಟಕಿ ಇಡಿಸ್ಬೇಕಿತ್ತು.”

“ಅವರು ಮನುಷ್ಯರು ಮಾಮ” ಎಂದ ಕೆಂಪರಾಜು.

“ಇರ್ಲಿ ಬಿಡು, ಮನುಷ್ಯರಿಗೇನು ಗಾಳಿ ಬ್ಯಾಡ್ವಾ?”

ಜನ ನಕ್ಕರು. ಕೆಂಪರಾಜು ನಗಲಿಲ್ಲ. “ಅತ್ತೆ, ನೀವೆಲ್ಲ ಸಾಕೋರ ಕಡೆ ಕೂತ್ಕೊಂಡು ನೋಡಿದ್ದೀರಿ. ಹುಳದ ಕಡೆ ಕೂತು ಒಂದ್ಸಲ ನೋಡಿ.”

“ಹುಳದ ಕಡೆ ಕೂತ್ರೆ ಹೊಟ್ಟೆ ತುಂಬುತ್ತೇನಪ್ಪ?” ಎಂದಳು ಆಂಜಿನಮ್ಮ.

ಅವನು ಇಂದಿನ ಕಾಲದ ಮಾತನ್ನೂ ಆಡಿದ. ಆ ಕಹಳೆ ಈಗ ನಮ್ಮ ಜೇಬಿನೊಳಗೇ ಇದೆ, ನಾವು ಆಡುವುದನ್ನೂ ನೋಡುವುದನ್ನೂ ಯಾರೋ ಎಲ್ಲೋ ಸುತ್ತಿಕೊಳ್ಳುತ್ತಿದ್ದಾರೆ, ಇಷ್ಟು ವರ್ಷದ ಹಿಂದೆ ಇದನ್ನು ಊಹಿಸಿದವನು ದೊಡ್ಡವನು ಎಂದ. ಸರಿಯಾಗಿಯೇ ಹೇಳಿದ; ಆದರೆ ಕಾಲೇಜಿನ ಮಾತಿನಲ್ಲಿ ಹೇಳಿದ. ಜನ ಚಪ್ಪಲಿ ಹುಡುಕತೊಡಗಿದರು.

ಮನೆಗೆ ನನ್ನೊಡನೆ ನಡೆಯುವಾಗ ಆಂಜಿನಮ್ಮ ಎಂದಿನಂತೆ ಹರಟಲಿಲ್ಲ. ತಿರುವಿನಲ್ಲಿ ನಿಂತು, “ಅಕ್ಕಾ, ಆ ಬಿಳೀ ಪಟ್ಟಿ ಬರ್ತಿತ್ತಲ್ಲ ಗೋಡೆ ಹಿಂದೆ, ಅದು ಬಾಯಿಂದ ಬರೋ ನೂಲೇ ತಾನೆ?” ಎಂದು ಕೇಳಿದಳು. ಹೌದೆಂದೆ. ಆಕೆ ಹಣೆಯ ಮೇಲೆ ಕೈಯಿಟ್ಟುಕೊಂಡು ಉಜ್ಜಿಕೊಂಡಳು. ಅಲ್ಲಿ ಪಟ್ಟಿ ಬಿಗಿದ ಗುರುತು ಕೆಂಪಗಿತ್ತು.

ಆ ಗುರುತಿನ ಸಂಗತಿ ಹೇಳಬೇಕಾದರೆ ಆಕೆಯ ಬಾಳಿನ ಸಂಗತಿಯನ್ನೇ ಹೇಳಬೇಕು.

ಆಂಜಿನಮ್ಮ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವಳು. ಹದಿನೇಳನೆಯ ವಯಸ್ಸಿಗೆ ಬಯ್ಯಪ್ಪನನ್ನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಳು. ಬಯ್ಯಪ್ಪ ಗೂಡು ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ಮಿತಭಾಷಿ. ನಾನು ಆಕೆಯನ್ನು ಕಂಡದ್ದು ಸಂಜೆಯ ಶಾಲೆಯಲ್ಲಿ. ಇಬ್ಬರೂ ಮಕ್ಕಳನ್ನು ಹೆತ್ತ ಮೇಲೆ ಒಂದೇ ಬೆಂಚಿನಲ್ಲಿ ಕುಳಿತು ಕಾಗುಣಿತ ಕಲಿತವರು. ಆಕೆ ಎರಡು ವರ್ಷಕ್ಕೆ ಬಿಟ್ಟಳು. ಪುಸ್ತಕ ಆಕೆಗೆ ನಿಧಾನವೆನಿಸುತ್ತಿತ್ತು. ಅಕ್ಷರ ಒಂದೇ ಕಡೆ ನಿಂತಿರುತ್ತದೆ, ಹುಳು ಹಾಗಲ್ಲ, ಗಳಿಗೆಗೊಂದು ಮಾತಾಡುತ್ತದೆ ಎನ್ನುತ್ತಿದ್ದಳು.

ಇಪ್ಪತ್ತಾರು ವರ್ಷ ಆಕೆ ದುಡಿದದ್ದು ರಾಮಾಂಜಿನಪ್ಪನವರ ಚಾಕಿ ಕೇಂದ್ರದಲ್ಲಿ. ಮೊಟ್ಟೆಯೊಡೆದ ಹುಳುಗಳನ್ನು ಎರಡನೆಯ ಜ್ವರ ದಾಟುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಮನೆ ಅದು. ಆ ವಯಸ್ಸಿನ ಹುಳು ಅಕ್ಕಿಕಾಳಿಗಿಂತ ಸಣ್ಣದು. ಅಲ್ಲಿ ಆದ ತಪ್ಪು ರೈತನ ಮನೆಯಲ್ಲಿ ಇಪ್ಪತ್ತು ದಿನದ ಮೇಲೆ ಗೊತ್ತಾಗುತ್ತದೆ. ಆಂಜಿನಮ್ಮ ಕತ್ತರಿಸಿದ ಎಳೆ ಸೊಪ್ಪನ್ನು ತುಟಿಗೆ ತಾಗಿಸಿ ಅದರ ನೀರಿನಂಶ ತಿಳಿಯುತ್ತಿದ್ದಳು. ತಟ್ಟೆಯ ಮೇಲೆ ಮುಂಗೈ ಹಿಡಿದು ಕಾವು ತಿಳಿಯುತ್ತಿದ್ದಳು. ಕಿಟಕಿಯ ಬೆಳಕಿಗೆ ಎದುರಾಗಿ ಬಗ್ಗಿ, ತಟ್ಟೆಯ ಮಟ್ಟಕ್ಕೆ ಕಣ್ಣಿಟ್ಟು, ಸಾವಿರಾರು ಹುಳುಗಳಲ್ಲಿ ಮಿಂಚುವ ನಾಲ್ಕನ್ನು ಹೆಸರು ಹಿಡಿದು ಕರೆದಂತೆ ಹೆಕ್ಕುತ್ತಿದ್ದಳು. ಆಕೆ ‘ಇದು ಬ್ಯಾಡ’ ಎಂದ ತಟ್ಟೆ ಹೊರಗೆ ಹೋಗುತ್ತಿರಲಿಲ್ಲ. ರಾಮಾಂಜಿನಪ್ಪನವರು ಒಮ್ಮೆಯೂ ಯಾಕೆಂದು ಕೇಳಿದವರಲ್ಲ.

ಅವರ ಮಗ ನರೇಂದ್ರ ಕೇಳಿದ. ಓದಿದ ಹುಡುಗ, ಒರಟನಲ್ಲ. ಕಳೆದ ವರ್ಷ ತಂದೆಯಿಂದ ಕೇಂದ್ರವನ್ನು ವಹಿಸಿಕೊಂಡ ಮೇಲೆ, ರೋಗದ ಹುಳುವನ್ನು ಯಂತ್ರವೇ ಗುರುತಿಸಲಿ ಎಂದು ತಟ್ಟೆಗಳ ಮೇಲೆ ಕ್ಯಾಮೆರಾ ಹಾಕಿಸಿದ. ಅಷ್ಟರಿಂದ ಯಂತ್ರಕ್ಕೆ ಹುಳು ಅರ್ಥವಾಗಲಿಲ್ಲ. ಹೊರಗಿನಿಂದ ಬಂದ ಕಂಪನಿಯವರು, ಗೊತ್ತಿರುವವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆ, ಬಾಯಿ ಏನೆನ್ನುತ್ತದೆ ಎಂಬುದು ಯಂತ್ರಕ್ಕೆ ಬೇಕು ಎಂದರು. ಹೀಗೆ ಆಂಜಿನಮ್ಮನ ಹಣೆಗೆ ಕ್ಯಾಮೆರಾದ ಪಟ್ಟಿ ಬಂತು.

“ನೀನು ಏನ್ ಮಾಡಿದ್ರೂ ಬಾಯ್ಬಿಟ್ಟು ಹೇಳ್ತಾ ಇರು ಆಂಜಿನಮ್ಮ. ಯಾಕ್ ಹೆಕ್ದೆ, ಯಾಕ್ ಬಿಟ್ಟೆ, ಎಲ್ಲ” ಎಂದಿದ್ದ ನರೇಂದ್ರ.

ಆಕೆಗೆ ಅದು ಹೆಮ್ಮೆಯ ವಿಷಯವಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಯಾರೂ ಆಕೆಯ ಬಾಯಿಂದ ಒಂದು ಪಾಠ ಕೇಳಿರಲಿಲ್ಲ. ಮೊದಲ ಸಲದ ಹುಳುಗಳು ಕೇಂದ್ರ ಬಿಡುವವರೆಗೂ ಬಿಡದೆ ಮಾತಾಡಿದಳು. ಹುಳುಗಳೊಡನೆ ಮಾತ್ರ ಆಕೆಯದು ತವರಿನ ತೆಲುಗು. ‘ತಿನಂಡಮ್ಮಾ, ತಿನಂಡಿ’ ಎಂದು ಮೇವು ತಿನ್ನಲು ಕರೆದದ್ದೂ ಯಂತ್ರಕ್ಕೆ ಹೋಗಿ, ಇದು ಯಾವ ರೋಗದ ಹೆಸರು ಎಂದು ಕಂಪನಿಯವರು ಫೋನು ಮಾಡಿ ಕೇಳಿದರಂತೆ. ಅದನ್ನು ಹೇಳಿಕೊಂಡು ಒಂದು ವಾರ ನಕ್ಕಳು.

ಸಿನಿಮಾ ನೋಡಿದ ಮಾರನೆಯ ಬೆಳಿಗ್ಗೆ ಪಟ್ಟಿ ಕಟ್ಟಿಕೊಳ್ಳುವ ಮೊದಲು ಆಕೆ ನರೇಂದ್ರನನ್ನು ಕೇಳಿದಳು. “ನರೇಂದ್ರಪ್ಪ, ನಾನು ಎಲ್ಲಾ ಹೇಳಿ ಮುಗಿಸಿದ್ಮೇಲೆ ಏನು?”

ಅವನು ಫೋನಿನಿಂದ ತಲೆಯೆತ್ತಿದ. “ಏನಂದ್ರೆ?”

“ಅದಕ್ಕೆ ಎಲ್ಲಾ ಬಂದ್ಬಿಟ್ರೆ, ನಾನು?”

“ನಿನಗೂ ವಯಸ್ಸಾಯ್ತಲ್ಲಮ್ಮ. ಬಗ್ಗಿ ಬಗ್ಗಿ ಸೊಂಟ ಹೋಯ್ತು ಅಂತ ನೀನೇ ಅಂತಿದ್ದೆ. ಆರಾಮಾಗಿ ರೆಸ್ಟ್ ತಗೋ.”

ಅವನು ಪ್ರೀತಿಯಿಂದಲೇ ಹೇಳಿದ ಎಂದು ಆಕೆ ನನಗೆ ಎರಡು ಸಲ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಬೈದು ಬರಬಹುದಿತ್ತು.

ಅಂದಿನಿಂದ ಆಕೆಯ ಬಾಯಿ ಕಟ್ಟಿತು. ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದಳು. ಕೇಳಿದ್ದಕ್ಕೆ ಹೂಂ, ಉಹೂಂ ಎಂದಳು. ಬುಧವಾರ ಹುಳುಗಳು ಎರಡನೆಯ ಜ್ವರಕ್ಕೆ ಕುಳಿತವು. ಮೂಲೆಯ ಸಾಲಿನ ಒಂದು ತಟ್ಟೆಗೆ ಬಗ್ಗಿದಾಗ ಅಂಚಿನಲ್ಲಿ ಏಳೆಂಟು ಹುಳುಗಳು ಸುತ್ತುತ್ತಿದ್ದವು. ಎಂದಿನ ಆಂಜಿನಮ್ಮನಾಗಿದ್ದರೆ ಆ ಕ್ಷಣವೇ ತಟ್ಟೆಯನ್ನು ಎತ್ತಿ ಹೊರಗಿಡುತ್ತಿದ್ದಳು. ಅಂದು ಆಕೆಗೆ ಬೇರೆ ಬುದ್ಧಿ ಬಂತು. ನಾನು ಹೇಳದೆ ಹೋದರೆ ಈ ಯಂತ್ರಕ್ಕೆ ಗೊತ್ತಾಗುತ್ತದೆಯೇ ನೋಡೋಣ ಎಂದು, ಕಣ್ಣನ್ನು ಬೇಕೆಂದೇ ಮುಂದಿನ ತಟ್ಟೆಗೆ ಸರಿಸಿದಳು. ಸಾಗಿಸುವುದು ಮರುದಿನ ಸಂಜೆ. ಅಷ್ಟರಲ್ಲಿ ತಾನೇ ಹೇಳಿದರಾಯಿತು ಎಂಬುದು ಲೆಕ್ಕ.

ಗುರುವಾರ ಆಕೆ ಸೊಪ್ಪಿನ ಕೋಣೆಯಿಂದ ಬರುವಷ್ಟರಲ್ಲಿ ವ್ಯಾನು ಹೊರಟುಹೋಗಿತ್ತು. ಬಿಸಿಲೇರುವ ಮೊದಲು ಹುಳು ತಲುಪಲಿ ಎಂದು ನರೇಂದ್ರ ಹೊತ್ತನ್ನು ಬದಲಿಸಿದ್ದ. ಯಂತ್ರ ಎಲ್ಲ ತಟ್ಟೆಗಳಿಗೂ ರೋಗವಿಲ್ಲವೆಂಬ ಹಸಿರು ಗುರುತು ಕೊಟ್ಟಿತ್ತು. ಮೂಲೆಯ ಸಾಲು ಮಂಚೇನಹಳ್ಳಿಯ ಕೋನಪ್ಪನವರ ಪಾಲಿಗೆ ಹೋಗಿತ್ತು.

ಮುಂದಿನ ಎರಡು ದಿನ ಆಕೆಯನ್ನು ನೋಡುವುದೇ ಕಷ್ಟವಾಯಿತು. ನನ್ನ ಮನೆಗೆ ಬರುವಳು, ಕೂರುವಳು, ಲೋಟ ಕೆಳಗಿಡುವ ಮೊದಲೇ ಏಳುವಳು. ಬಾಗಿಲಿಗೆ ಹೋಗಿ ತಿರುಗುವಳು. ಶುಕ್ರವಾರ ಎರಡು ಸಲ ಬಂದು ಹೋದಳು. ಶನಿವಾರ ಬಯ್ಯಪ್ಪ ಬಂದು, “ಅಕ್ಕ, ಇವಳಿಗೆ ಏನಾಗಿದೆ ಅಂತ ನೀವಾದ್ರೂ ಕೇಳಿ. ಉಣ್ಣೋ ತಟ್ಟೆ ಮುಂದೆ ಕೂರಲ್ಲ” ಎಂದ. ಆ ಮನುಷ್ಯ ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಏಳಕ್ಕೆ ಆಕೆ ಚೀಲ ಹಿಡಿದು ಬಂದಳು. ಚೀಲದಲ್ಲಿ ಸುಣ್ಣದ ಪುಡಿ, ಹುಳು ಹೆಕ್ಕುವ ಎರಡು ಜೊತೆ ಕಡ್ಡಿ. ಬಾಗಿಲಲ್ಲೇ ನಿಂತು ತಟ್ಟೆಯ ಕಥೆಯನ್ನೆಲ್ಲ ಹೇಳಿ, “ಇವತ್ತು ಮೂರನೇ ಜ್ವರಕ್ಕೆ ಕೂರ್ತವೆ ಅಕ್ಕ. ಇವತ್ತು ಹೆಕ್ಕಿದ್ರೆ ಉಂಟು, ನಾಳೆಗೆ ಮನೆ ತುಂಬಾ ಹಾಲು” ಎಂದಳು.

“ಫೋನು ಮಾಡಿ ಹೇಳಬಾರದೇನು?”

“ಏನಂತ ಹೇಳ್ಲಿ? ನಾನೇ ನೋಡಿ ಬಿಟ್ಟೆ ಅಂತ್ಲಾ?”

“ಹೌದು. ಹಾಗೆಯೇ ಹೇಳಬೇಕು.”

“ಹೇಳ್ತೀನಿ. ಎದುರುಗಡೆ ನಿಂತ್ಕೊಂಡು ಹೇಳ್ತೀನಿ. ನೀನು ಬಾ.”

ನಾನು ಆಕೆಯನ್ನು ಸಮಾಧಾನಪಡಿಸಲಿಲ್ಲ. ತಪ್ಪು ದೊಡ್ಡದು, ಕೋನಪ್ಪನ ಮನೆಯವರು ಒಂದು ತಿಂಗಳು ಆ ಹುಳುಗಳ ಸುತ್ತ ಬದುಕುವವರು. ಸೆರಗು ಸಿಕ್ಕಿಸಿಕೊಂಡು ಜೊತೆಗೆ ಹೊರಟೆ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ಗೌರಿಬಿದನೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಆಕೆ ಕೂರಲಿಲ್ಲ. ಕಂಬಿ ಹಿಡಿದು ಮುಂದಕ್ಕೆ ಹೋದಳು, ಡ್ರೈವರಿನ ಹಿಂದೆ ನಿಂತಳು, ಮತ್ತೆ ಹಿಂದಕ್ಕೆ ಬಂದಳು. “ಕೂತ್ಕೊಳ್ಳಮ್ಮ, ನೀನು ನಡೆದ್ರೆ ಬಸ್ಸು ಬೇಗ ಹೋಗಲ್ಲ” ಎಂದ ಕಂಡಕ್ಟರು. ಆಕೆ ಕೂತು, ಮುಂದಿನ ನಿಲುಗಡೆಗೇ ಎದ್ದಳು.

“ಆ ಸಿನಿಮಾದೋಳು ಕೊನೆಗೆ ಏನಾದ್ಲು ಅಕ್ಕ? ನಾನು ಸರಿಯಾಗಿ ನೋಡ್ಲಿಲ್ಲ” ಎಂದಳು ಒಮ್ಮೆ.

“ಅವಳನ್ನೂ ಗೂಡಿನಲ್ಲಿ ಕೂರಿಸುತ್ತಾರೆ. ಕಹಳೆಯ ಮುಂದೆ ಅವಳು ಬಾಯಿ ಬಿಡುವುದಿಲ್ಲ. ಅಲ್ಲಿಗೆ ಚಿತ್ರ ಮುಗಿಯುತ್ತದೆ.”

“ಅಷ್ಟೇನಾ?”

“ಅಷ್ಟೇ.”

“ಅವಳಿಗೇನು, ಬಾಯ್ಮುಚ್ಕೊಂಡ್ರೆ ನಡೀತು. ಅವಳು ಬಾಯ್ಮುಚ್ಚಿದ್ದಕ್ಕೆ ಇನ್ನೊಬ್ಬರ ಮನೆ ಹುಳ ಸಾಯ್ಲಿಲ್ವಲ್ಲ.”

ಆ ಚಿತ್ರದ ಬಗ್ಗೆ ಕೆಂಪರಾಜು ಆಡಿದ ಅಷ್ಟೂ ಮಾತಿಗಿಂತ ಇದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆ ಕಾಲದವರು ಮುಂದಿನ ಕೇಡನ್ನು ಊಹಿಸಿದಾಗ, ಕೇಡಿಗೊಂದು ಹಿತ್ತಾಳೆಯ ಬಾಯಿಯನ್ನೂ ಗದರುವ ದನಿಯನ್ನೂ ಕೊಟ್ಟರು. ಅದರೆದುರು ಸುಮ್ಮನಿದ್ದವಳು ಗೆದ್ದಳು. ನಮ್ಮ ಕಾಲದಲ್ಲಿ ಅದು ಮನೆಯ ಹುಡುಗನ ದನಿಯಲ್ಲಿ, ‘ನಿನ್ನ ಸೊಂಟ ನೋಯುತ್ತಲ್ಲಮ್ಮ’ ಎನ್ನುತ್ತ ಬರುತ್ತದೆ. ಅದರೆದುರು ಸುಮ್ಮನಿದ್ದರೆ ನಷ್ಟ ಇನ್ನಾರಿಗೋ ಆಗುತ್ತದೆ.

ಕೋನಪ್ಪನವರ ಹುಳುಮನೆ ಮಂಚೇನಹಳ್ಳಿಯಿಂದ ಒಂದು ಮೈಲಿ, ಹಿಪ್ಪುನೇರಳೆ ತೋಟದ ನಡುವೆ. ಅವರ ಹೆಂಡತಿ ರಾಮಲಕ್ಷ್ಮಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಆಂಜಿನಮ್ಮ ನಮಸ್ಕಾರ ಹೇಳಲಿಲ್ಲ, ನೀರು ಕೇಳಲಿಲ್ಲ. ಕಾಲು ತೊಳೆದು ಒಳಗೆ ಹೋಗಿ ಬಗ್ಗಿದಳು. ಹಿಂದೆಯೇ ಬಂದ ಕೋನಪ್ಪ, “ಏಮಮ್ಮ, ಯಾರು ನೀನು? ಹೇಳ್ದೆ ಕೇಳ್ದೆ ಹುಳದ ಮನೆಗೆ ನುಗ್ತೀಯಲ್ಲ” ಎಂದ.

“ನಿಮ್ಮ ಹುಳಾನ ಚಾಕಿಯಲ್ಲಿ ಸಾಕಿದೋಳು. ಈ ಸಾಲಲ್ಲಿ ಹಾಲುತೊಂಡೆ ಐತೆ. ಬುಧವಾರನೇ ನೋಡ್ದೆ, ಹೇಳ್ಲಿಲ್ಲ.”

“ಹೇಳ್ಲಿಲ್ಲ ಅಂದ್ರೆ?”

“ಹೇಳ್ಲಿಲ್ಲ ಅಂದ್ರೆ ಹೇಳ್ಲಿಲ್ಲ. ಬೇಕಂತ್ಲೇ ಬಿಟ್ಟೆ. ಬೈಯೋದಿದ್ರೆ ಆಮೇಲೆ ಬೈರಿ. ಈಗ ಒಂದ್ ಬಕೇಟು ಕೊಡಿ.”

ಕೋನಪ್ಪ ಬೈದ. ಕೇಂದ್ರವನ್ನು ಬೈದ, ನಮ್ಮಿಬ್ಬರನ್ನೂ ಬೈದ, ಫೋನು ತೆಗೆದು ಹಸಿರು ಗುರುತನ್ನು ನನ್ನ ಮುಖಕ್ಕೆ ಹಿಡಿದ. ನಂತರ ನರೇಂದ್ರನಿಗೆ ಫೋನು ಮಾಡಿ ಅವನನ್ನೂ ಬೈದ. ರಾಮಲಕ್ಷ್ಮಮ್ಮ ಬಕೇಟು ತಂದುಕೊಟ್ಟು ಆಂಜಿನಮ್ಮನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. “ಯಾವ್ದು ತೋರ್ಸು. ನನಗೆ ಎಲ್ಲಾ ಒಂದೇ ಥರ ಕಾಣ್ತವೆ.”

“ಹುಳ ನೋಡ್ಬೇಡಿ. ಬೆಳಕು ನೋಡಿ. ಬೆಳಕು ಯಾವುದರ ಮೈಮೇಲೆ ಜಾರುತ್ತೆ, ಅದು.”

ಹನ್ನೊಂದರ ಹೊತ್ತಿಗೆ ನರೇಂದ್ರನ ಕಾರು ಬಂತು. ಬಂದವನು ಜಗಳವಾಡಲಿಲ್ಲ. ಆಂಜಿನಮ್ಮ ಹೆಕ್ಕಿ ಸುಣ್ಣದ ನೀರಿಗೆ ಹಾಕಿದ ಹುಳುಗಳನ್ನು ಬಕೇಟಿನಲ್ಲಿ ಬಗ್ಗಿ ನೋಡಿದ. ಆಮೇಲೆ ಕಾರಿನಿಂದ ಆ ಪಟ್ಟಿಯನ್ನು ತಂದು ಆಕೆಯ ಮುಂದೆ ಹಿಡಿದ.

“ಆಗಿದ್ದು ಆಯ್ತು ಆಂಜಿನಮ್ಮ. ನನಗೆ ಗೊತ್ತಿರೋ ಹಾಗೆ ಯಂತ್ರ ತಪ್ಪು ಮಾಡಿದ್ದು ಇದೊಂದೇ. ನೀನೀಗ ಮಾಡ್ತಿರೋದನ್ನ ಇದಕ್ಕೆ ತೋರಿಸಿಬಿಟ್ರೆ ಇನ್ಯಾವ ಮನೆಗೂ ಹೀಗಾಗಲ್ಲ.”

ಮಾತು ನ್ಯಾಯವಾಗಿತ್ತು. ರಾಮಲಕ್ಷ್ಮಮ್ಮನವರೂ ಕಡ್ಡಿ ನಿಲ್ಲಿಸಿ ಆಕೆಯ ಮುಖ ನೋಡಿದರು. ಆಂಜಿನಮ್ಮ ಪಟ್ಟಿಯನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬೆರಳುಗಳು ಅದನ್ನು ಬಿಗಿದವು, ಸಡಿಲಿಸಿದವು, ಮತ್ತೆ ಬಿಗಿದವು.

“ನೀವೇ ಕೂತ್ಕೊಳಿ ನರೇಂದ್ರಪ್ಪ” ಎಂದಳು ಕೊನೆಗೆ, ಇನ್ನೊಂದು ಜೊತೆ ಕಡ್ಡಿಯನ್ನು ಮುಂದೆ ಚಾಚಿ. “ನಿಮಗೆ ತೋರಿಸ್ತೀನಿ. ಒಂದೂ ಬಚ್ಚಿಡಲ್ಲ.”

“ನನಗಾ?”

“ನಿಮ್ಮ ಮನೆ ಹುಳ ತಾನೆ?”

ಅವನು ಪ್ಯಾಂಟಿನ ಮಂಡಿ ಎಳೆದುಕೊಂಡು ಕುಳಿತ. ಇದನ್ನು ಒಪ್ಪಬೇಕು, ಮೂರು ಗಂಟೆ ಕುಳಿತ. ಮೊದಲು ಹತ್ತರಲ್ಲಿ ಎರಡನ್ನು ಗುರುತಿಸಿದ, ಊಟದ ಹೊತ್ತಿಗೆ ಐದನ್ನು. ಕಾಲು ಜೋಮು ಹಿಡಿದು ಎದ್ದು ಕುಂಟಿದಾಗ ಕೋನಪ್ಪನಿಗೂ ನಗು ಬಂತು. “ಕಣ್ಣು ಬರ್ತಾ ಐತೆ” ಎಂದಳು ಆಂಜಿನಮ್ಮ. “ಇನ್ನೊಂದಾರು ತಿಂಗಳು ನನ್ನ ಪಕ್ಕದಲ್ಲಿ ಕೂತ್ರೆ ನನಗಿಂತ ಚೆನ್ನಾಗಿ ನೋಡ್ತೀರಾ. ಕೆಲಸದ ಹೆಣ್ಮಕ್ಕಳು ನಾಲ್ಕು ಜನಾನೂ ಕೂರಿಸಿ. ನಾನು ಸತ್ರೂ ಉಳಿಯುತ್ತೆ.”

ನರೇಂದ್ರ ಸುಣ್ಣದ ಕೈಯನ್ನು ತೊಳೆದುಕೊಂಡ. “ಆರು ತಿಂಗಳು ಎಲ್ಲಿಂದ ತರ್ಲಿ ಆಂಜಿನಮ್ಮ? ಆರುನೂರು ಜನ ರೈತರಿದಾರೆ. ನೀನು ಒಬ್ಬಳಿದೀಯ, ನಾಲ್ಕು ಜನ ಕಲಿತ್ರೂ ಐದು. ಇದು ಒಂದೇ ಸಲಕ್ಕೆ ಎಲ್ಲಾ ತಟ್ಟೆ ನೋಡುತ್ತೆ.”

“ನೋಡುತ್ತೆ. ನೋಡಿದ್ದು ಯಾರಿಗೆ ಸೇರುತ್ತೆ?”

ಅದು ಕಂಪನಿಯವರೊಡನೆ ಮಾಡಿಕೊಂಡ ಕಾಗದದಲ್ಲಿ ಇದೆ, ನೋಡಬೇಕು ಎಂದ. ಆಂಜಿನಮ್ಮ ಪಟ್ಟಿಗೆ ಹತ್ತಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟಳು. “ಇನ್ಮೇಲೆ ಇದನ್ನ ಕಟ್ಟಲ್ಲಪ್ಪ. ಕೂತು ಕಲಿಯೋರಿಗೆ ಹೇಳ್ತೀನಿ.”

ಅವನು ಆಕೆಯನ್ನು ಕೆಲಸದಿಂದ ತೆಗೆಯಲಿಲ್ಲ. ತಟ್ಟೆ ತೊಳೆಯುವ ಕಡೆಗೆ ಹಾಕಿದ. ಆಕೆ ಒಂಬತ್ತು ದಿನ ತಟ್ಟೆ ತೊಳೆದಳು. ಹತ್ತನೆಯ ದಿನ ಹೋಗಲಿಲ್ಲ. ಬಯ್ಯಪ್ಪ ಬುತ್ತಿ ಒಂದನ್ನೇ ಕಟ್ಟಿಕೊಂಡು ಹೊರಟನಂತೆ.

ಕೋನಪ್ಪನ ಹುಳುಗಳಲ್ಲಿ ಮುಕ್ಕಾಲು ಪಾಲು ಗೂಡು ಕಟ್ಟಿದವು. ಆ ಮನೆಯಿಂದ ಸುದ್ದಿ ಹಬ್ಬಿ, ಈಗ ಜ್ವರದ ದಿನಗಳಲ್ಲಿ ಆಂಜಿನಮ್ಮನನ್ನು ಮಂಚೇನಹಳ್ಳಿಯ ಕಡೆಯವರು, ಚಿಂತಾಮಣಿಯ ಕಡೆಯವರು ಕರೆಸುತ್ತಾರೆ. ಆಕೆ ಹೋದ ಮನೆಯಲ್ಲಿ ಒಬ್ಬ ಹೆಂಗಸಾದರೂ ಪಕ್ಕದಲ್ಲಿ ಕೂರಬೇಕು. ಅದೇ ಆಕೆಯ ಶರತ್ತು. ಸುಳ್ಳು ಬರೆಯಲಾರೆ: ನರೇಂದ್ರನ ಯಂತ್ರವೂ ಕೆಟ್ಟದ್ದೇನಲ್ಲ. ಆಕೆ ಮೊದಲು ಹೇಳಿದ್ದಷ್ಟರಿಂದಲೇ ಅದು ಹತ್ತರಲ್ಲಿ ಏಳೆಂಟನ್ನು ಹಿಡಿಯುತ್ತದೆಯಂತೆ. ಉಳಿದ ಎರಡು ಮೂರಕ್ಕಾಗಿ ಆಂಜಿನಮ್ಮ ವಾರಕ್ಕೆ ಐದು ದಿನ ಬಸ್ಸಿನಲ್ಲಿರುತ್ತಾಳೆ. ಮೊದಲಿಗಿಂತ ಬಡಕಲಾಗಿದ್ದಾಳೆ. ಕೂತು ಮಾತಾಡಿದ್ದನ್ನು ನಾನು ಕಂಡು ಬಹಳ ದಿನವಾಯಿತು.

ಕಳೆದ ತಿಂಗಳು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಒಂದೇ ದಿನ ಎರಡು ಊರಿಗೆ ಜ್ವರ. ರಾಮಲಕ್ಷ್ಮಮ್ಮನವರ ಬೀದಿಯಲ್ಲಿ ಮೂರು ಮನೆಗಳಲ್ಲಿ ಹುಳು ಕೆಟ್ಟಿವೆ. ಅತ್ತ ಕೆಂಚಾರ್ಲಹಳ್ಳಿಯಿಂದ ಪವಿತ್ರ ಎಂಬ ಹೊಸ ಸೊಸೆ ಅಳುತ್ತ ಫೋನು ಮಾಡಿದ್ದಾಳೆ. ಇಲ್ಲಿಂದ ಒಂದು ಊರು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಆಂಜಿನಮ್ಮ ಎರಡು ಬಸ್ಸುಗಳ ನಡುವೆ ನಾಲ್ಕು ಸಲ ಓಡಾಡಿದಳು.

“ಎರಡು ಕಡೆ ಇರಕ್ಕೆ ಆಗಲ್ಲ ಅಕ್ಕ” ಎಂದಳು. “ನರೇಂದ್ರಪ್ಪ ಅಂದಿದ್ದು ಅದನ್ನೇ.”

ಕೊನೆಗೆ ಗೌರಿಬಿದನೂರಿನ ಬಸ್ಸು ಹತ್ತಿದಳು, ನಾನೂ ಹತ್ತಿದೆ. ಬಾಗೇಪಲ್ಲಿ ರಸ್ತೆ ದಾಟುವಷ್ಟರಲ್ಲಿ ಪವಿತ್ರ ಮತ್ತೆ ಫೋನು ಮಾಡಿದಳು. ಬಸ್ಸಿನ ಸದ್ದಿಗೆ ಆಂಜಿನಮ್ಮ ಒಂದು ಕಿವಿ ಮುಚ್ಚಿ ಕೂಗತೊಡಗಿದಳು.

“ಅಳ್ಬೇಡ. ನಾನ್ಯಾಕೆ ಬೇಕು, ನಿನಗೆ ಕಣ್ಣಿಲ್ವಾ? ಬಾಗ್ಲು ತೆಗಿ. ಬೆಳಕಿಗೆ ಎದುರಾಗಿ ಕೂತ್ಕೊ. ಇನ್ನೂ ಕೆಳಗೆ. ಗಲ್ಲ ತಟ್ಟೆಗೆ ತಾಗ್ಬೇಕು. ಫೋನ್ ತೋರಿಸ್ಬೇಡ ಕಣೇ, ಪಕ್ಕಕ್ಕಿಡು. ನೀನು ನೋಡು.”

ಬಸ್ಸು ಉಬ್ಬು ಹಾರಿತು. ಆಂಜಿನಮ್ಮ ಕಂಬಿಗೆ ತೋಳು ಸುತ್ತಿ ನಿಂತಳು. ಆಮೇಲೆ ಹುಡುಗಿಯ ಸಣ್ಣ ದನಿ ನನಗೂ ಕೇಳಿಸಿತು. “ಅಮ್ಮಾ, ಮೂಲೆಯಲ್ಲಿ ಒಂದು... ಎರಡು. ಮಿಂಚ್ತಾ ಇವೆ.”

“ಎರಡೇನಾ?”

“ಎರಡೇ ಕಾಣ್ತವೆ.”

“ಸಾಲ್ದು” ಎಂದಳು ಆಂಜಿನಮ್ಮ. “ಇನ್ನೊಂದ್ಸಲ ನೋಡು.”